ಒಳಕೋಣೆಯಲ್ಲಿಟ್ಟ ಬಾಗಿನ

ಟೈಲರಮ್ಮ ಹೊಸಬಳಿಗೆ ಹಬ್ಬದ ಅರ್ಥ ಹೇಳಿದ್ದು ಅಂಗಡಿಯಲ್ಲಿ, ಯಾರದೋ ಪ್ಯಾಂಟಿನ ಕಾಲು ಮಡಿಸುತ್ತಾ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು. ದೇವರ ವಿಷಯ ಹೇಳುವ ರೀತಿಯೇ ಅದು? ಆದರೆ ಅವಳು ಇರುವುದೇ ಹಾಗೆ. ಬಾಯಲ್ಲಿ ಸೂಜಿಯಿದ್ದರೂ ಗಿರಾಕಿಗೆ ಬೈಯುತ್ತಾಳೆ, ಗಂಡನಿಗೆ ಕೆಲಸ ಹೇಳುತ್ತಾಳೆ, ಫೋನಿನಲ್ಲಿ ಜಗಳ ಆಡುತ್ತಾಳೆ. ಇಷ್ಟು ವರ್ಷದಲ್ಲಿ ಒಂದು ಸೂಜಿಯನ್ನೂ ನುಂಗಿಲ್ಲ.

ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದೂವರೆ ಕೋಣೆ. ಮುಂದೆ ಕೌಂಟರು, ಬಟ್ಟೆ ಹಾಕಿ ನೋಡುವವರಿಗೆ ಒಂದು ಪರದೆ, ಹಿಂದೆ ಮೂರು ಮಷೀನು, ಒಂದು ಇಸ್ತ್ರಿ ಮೇಜು. ಮನೆ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ. ಹೊಸ ಬಟ್ಟೆ ಹೊಲಿಸುವವರು ಈಗ ಯಾರಿದ್ದಾರೆ? ಬರುವುದೆಲ್ಲ ಜಿಪ್ಪು ಬದಲಿಸುವುದು, ಪರದೆಗೆ ಅಂಚು ಹೊಡೆಯುವುದು, ದಪ್ಪಗಾದವರ ಕೋಟು ಬಿಡಿಸುವುದು. 'ಜನ ಉಬ್ಬುತ್ತಾ ಇಳಿಯುತ್ತಾ ಇರಲಿ, ನಮ್ಮ ಹೊಟ್ಟೆ ತುಂಬುತ್ತೆ' ಎಂದು ಕೌಂಟರಿನಲ್ಲಿ ಕೂತ ಅವಳ ಗಂಡ ದಿನಕ್ಕೊಮ್ಮೆಯಾದರೂ ಹೇಳಿ, ತಾನೇ ನಗುತ್ತಿದ್ದ.

ಹೊಸಬಳು ಕೆಲಸಕ್ಕೆ ಸೇರಿ ಏಳೆಂಟು ತಿಂಗಳಾಗಿತ್ತು. ಯುದ್ಧ ನಡೆಯುತ್ತಿದ್ದ ದೇಶದಿಂದ ಎರಡು ಪುಟ್ಟ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬಂದವಳು. ಎದುರಿನ ರಸ್ತೆಯಲ್ಲಿ ಅಂಥವರಿಗೆಂದೇ ಬಿಟ್ಟುಕೊಟ್ಟ ಹಳೇ ಕಟ್ಟಡವೊಂದರ ಕೋಣೆಯಲ್ಲಿ ಇದ್ದಳು. ಗಂಡ ಬರುವ ದಾರಿಯಲ್ಲೇ ತೀರಿಹೋಗಿದ್ದ. ಕೆಲಸ ಕೇಳಲು ಬಂದ ದಿನ ಅವಳೇ ಕೈಸನ್ನೆಯಲ್ಲಿ ಅದನ್ನು ಹೇಳಿದ್ದಳು. ಟೈಲರಮ್ಮ ಮುಂದೇನೂ ಕೇಳದೆ ಒಂದು ಅಂಗಿ ಅವಳ ಕೈಗಿಟ್ಟು, ಗುಂಡಿಗೆ ಕಾಜಾ ಹಾಕಿಸಿ ನೋಡಿ, ಮಷೀನಿನ ಮುಂದೆ ಕೂರಿಸಿದ್ದಳು. ಮಷೀನಿನ ಗಡಗಡದ ನಡುವೆಯೇ ಅವಳು ಈ ಮನೆಯವರ ಮಾತು ಕಲಿತಳು. ಟೈಲರಮ್ಮನ ಪಕ್ಕ ಕೂತು ಕಲಿತದ್ದರಿಂದ ಮೊದಲು ಬಂದದ್ದು ಬೈಗುಳ. ಆಮೇಲೆ ನಿಧಾನವಾಗಿ ಉಳಿದದ್ದೆಲ್ಲ ಬಂತು.

"ನಾಡಿದ್ದು ಅಂಗಡಿ ಯಾಕೆ ಇಲ್ಲ ಅಮ್ಮ?" ಎಂದು ಅವತ್ತು ಕೇಳಿದಳು.

"ಗೌರಿ ಹಬ್ಬ."

"ಗೌರಿ ಯಾರು?"

"ದೇವರು. ದೇವರು ಅಂದ್ರೆ, ನಮ್ಮಲ್ಲಿ ಅವಳನ್ನ ಮನೆ ಮಗಳು ಅಂತಾನೇ ಲೆಕ್ಕ ಕಣೇ. ಗಂಡನ ಮನೇಲಿ ಇರ್ತಾಳೆ. ವರ್ಷಕ್ಕೊಂದು ಸಲ ಅಮ್ಮನ್ನ ನೋಡೋಕೆ ತವರಿಗೆ ಬರ್ತಾಳೆ. ಮಾರನೇ ದಿನ ಮಗ ಗಣಪ ಬಂದು ಕರ್ಕೊಂಡು ಹೋಗ್ತಾನೆ."

"ಒಂದೇ ದಿನಾನಾ?"

"ಮತ್ತಿನ್ನೇನು, ಗಂಡನ್ನ ಬಿಟ್ಟು ತಿಂಗಳಾನುಗಟ್ಟಲೆ ಇರೋಕಾಗುತ್ತಾ? ಒಂದೇ ದಿನ. ಅದಕ್ಕೇ ತಾಯಿ ಬರಿಗೈಲಿ ಕಳಿಸಲ್ಲ. ಒಂದು ಮೊರದಲ್ಲಿ ಅಕ್ಕಿ, ಬೇಳೆ, ಬಳೆ, ಕನ್ನಡಿ, ಬಾಚಣಿಗೆ, ರವಿಕೆ ಎಲ್ಲಾ ತುಂಬಿಸಿ, ಮೇಲೊಂದು ಮೊರ ಮುಚ್ಚಿ, ಸೆರಗು ಹೊದಿಸಿ ಕೊಡ್ತಾಳೆ. ಅದಕ್ಕೆ ಬಾಗಿನ ಅಂತಾರೆ. ನಾವೂ ಅವತ್ತು ಮನೆ ಹೆಣ್ಣುಮಕ್ಕಳನ್ನ ಕರೆದು ಕೊಡ್ತೀವಿ. ನಿನಗೆ ತವರಿದೆ, ನಾನಿದೀನಿ, ಹೆದರಬೇಡ ಅಂತ ಅರ್ಥ."

ಹೊಸಬಳ ಮಷೀನು ನಿಂತಿತು. "ನಮ್ಮಮ್ಮನ ಮನೆ ಈಗ ಇಲ್ಲ," ಎಂದಳು. "ಗೋಡೆನೂ ಇಲ್ಲ."

ಟೈಲರಮ್ಮ ಬಾಯಲ್ಲಿದ್ದ ಸೂಜಿಗಳನ್ನೆಲ್ಲ ತೆಗೆದು ದಿಂಬಿಗೆ ಚುಚ್ಚಿದಳು. ಇಂಥ ಮಾತಿಗೆ ಏನು ಹೇಳಬೇಕೆಂದು ಅವಳಿಗೆ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದಾಗ ಗದರುವುದು ಅವಳ ಅಭ್ಯಾಸ. "ಸರಿ, ಅದಕ್ಕೇನೀಗ? ನೀನೂ ಬಾ. ಅಂಗಡಿಗೆ ಬಂದ ಹಾಗೆ ನೂಲು ಮೆತ್ತಿಕೊಂಡು ಬರಬೇಡ, ತಲೆ ಬಾಚಿಕೊಂಡು ಬಾ."

ಕರೆದದ್ದೇನೋ ಸರಿ. ಆದರೆ ಒಂದು ಮಾತು ಹೇಳಲಿಲ್ಲ. ಬಾಗಿನ ಕೊಡುವುದು ಮುತ್ತೈದೆಯರಿಗೆ, ಅಂದರೆ ಗಂಡ ಬದುಕಿರುವ ಹೆಂಗಸರಿಗೆ ಮಾತ್ರ. ಗಂಡ ಸತ್ತವಳಿಗೆ ಊಟ ಹಾಕಬಹುದು, ಬಟ್ಟೆ ಕೊಡಬಹುದು, ಆ ಮೊರವನ್ನು ಮಾತ್ರ ಕೊಡುವಂತಿಲ್ಲ. ಇದನ್ನು ಟೈಲರಮ್ಮ ಮರೆತಳೆಂದಲ್ಲ. ಮರೆಯುವುದುಂಟೇ! ಹೇಳಲು ನಾಲಿಗೆ ಹೊರಳಲಿಲ್ಲ, ಅಷ್ಟೇ. ಯಾಕೆ ಹೊರಳಲಿಲ್ಲ ಎನ್ನುವುದಕ್ಕೆ ಹೋದ ವರ್ಷದ ಹಬ್ಬಕ್ಕೆ ಹೋಗಬೇಕು.

ಟೈಲರಮ್ಮನಿಗೆ ಒಬ್ಬಳೇ ಮಗಳು, ಪುಟ್ಟಿ. ಅದೇ ನಗರದ ಇನ್ನೊಂದು ಮೂಲೆಯಲ್ಲಿ, ಎರಡು ಬಸ್ಸು ಬದಲಿಸುವ ದೂರದಲ್ಲಿ ಇದ್ದಳು. ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನಿಂದ ಹೆಸರು ಬರೆಯುವ ಕೆಲಸ. ಅಳಿಯ ಸಾಮಾನಿನ ವ್ಯಾನು ಓಡಿಸುತ್ತಿದ್ದ. ಒಳ್ಳೆಯ ಹುಡುಗ, ಅತ್ತೆಯ ಬಾಯಿಗೆ ಹೆದರದೆ ಎದುರು ನಿಂತು ನಗುತ್ತಿದ್ದವನು. ಒಂದು ಬೆಳಿಗ್ಗೆ ಸಿಗ್ನಲ್ಲಿನಲ್ಲಿ ಸ್ಟಿಯರಿಂಗ್ ಮೇಲೆ ತಲೆ ಇಟ್ಟವನು ಮತ್ತೆ ಎತ್ತಲಿಲ್ಲ. ಮದುವೆಯಾಗಿ ನಾಲ್ಕು ವರ್ಷವೂ ಆಗಿರಲಿಲ್ಲ.

ವರ್ಷದ ಕಾರ್ಯವೆಲ್ಲ ಮುಗಿದ ಮೇಲೆ ಗೌರಿ ಹಬ್ಬ ಬಂತು. ಪುಟ್ಟಿ ಪ್ರತಿ ವರ್ಷದಂತೆ ಬೆಳಿಗ್ಗೆಯೇ ಬಂದಳು. ಹೂ ಕಟ್ಟಿಕೊಟ್ಟಳು, ಹಾಸು ಹಾಸಿದಳು, ಹೆಂಗಸರ ಸಾಲಿನಲ್ಲಿ ತನ್ನ ಯಾವಾಗಿನ ಜಾಗದಲ್ಲಿ ಕೂತಳು. ಮಗಳೇ ತಿಳಿದುಕೊಂಡು ದೂರ ಕೂರುತ್ತಾಳೆಂದು ಟೈಲರಮ್ಮ ಅಂದುಕೊಂಡಿದ್ದಳು. ಮಗಳ ಪಾಲಿನ ಮೊರವನ್ನೇ ಅವಳು ತುಂಬಿರಲಿಲ್ಲ. ಸಾಲಿನ ಆ ತುದಿಯಲ್ಲಿ ಗಂಡನ ಅಕ್ಕ, ಟೈಲರಮ್ಮ 'ಅತ್ತಿಗೆ' ಎಂದು ಕರೆಯುವ ಹಿರಿಯ ಹೆಂಗಸು, ಕಣ್ಣಲ್ಲೇ ಏನೋ ಹೇಳುತ್ತಿದ್ದರು. ಒಬ್ಬೊಬ್ಬರಿಗೇ ಕೊಡುತ್ತಾ ಬಂದ ಟೈಲರಮ್ಮ ಮಗಳ ಮುಂದೆ ನಿಂತು, "ಪುಟ್ಟಿ, ಸ್ಟೌ ಮೇಲೆ ಹಾಲಿಟ್ಟಿದೀನಿ, ಉಕ್ಕಿಬಿಡುತ್ತೆ, ಸ್ವಲ್ಪ ನೋಡು ಹೋಗು," ಎಂದಳು.

ಪುಟ್ಟಿ ಎದ್ದು ಅಡುಗೆಮನೆಗೆ ಹೋದಳು. ಸ್ಟೌ ಮೇಲೆ ಹಾಲಿರಲಿಲ್ಲ. ಸ್ಟೌ ಹಚ್ಚಿಯೇ ಇರಲಿಲ್ಲ. ಅಷ್ಟರಲ್ಲಿ ಹಾಲ್‌ನಲ್ಲಿ ಟೈಲರಮ್ಮ ಪಕ್ಕದವಳಿಗೆ ಬಾಗಿನ ಕೊಟ್ಟಾಗಿತ್ತು. ಮಗಳು ಯಾವಾಗ ಚಪ್ಪಲಿ ಮೆಟ್ಟಿಕೊಂಡು ಹೋದಳೋ ಯಾರಿಗೂ ಗೊತ್ತಾಗಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿದ್ದರೂ ಆಗುತ್ತಿತ್ತಲ್ಲ! 'ಕೊಡಬಾರದಂತೆ ಕಣೇ, ನಾನೇನು ಮಾಡಲಿ' ಎಂದು ಅತ್ತಿದ್ದರೆ ಮಗಳೂ ಜೊತೆಗೆ ಅತ್ತು ಹಗುರವಾಗುತ್ತಿದ್ದಳೇನೋ. ಹಡೆದ ಮಗಳನ್ನು ಇಲ್ಲದ ಹಾಲು ಕಾಯಲು ಕಳಿಸಿದಳು ಈ ಮಹಾತಾಯಿ. ಅವತ್ತಿನಿಂದ ಪುಟ್ಟಿ ಈ ಮನೆಯ ಮೆಟ್ಟಿಲು ಹತ್ತಲಿಲ್ಲ. ಫೋನು ಮಾಡಿದರೆ ಎತ್ತುತ್ತಿದ್ದಳು. 'ಹೂಂ, ಚೆನ್ನಾಗಿದೀನಿ. ಊಟ ಆಯ್ತು. ಇಡ್ಲಾ?' ಅಷ್ಟೇ. ಅವಳು ಜಗಳ ಆಡಿದ್ದರೆ ಟೈಲರಮ್ಮ ಸುಧಾರಿಸಿಕೊಳ್ಳುತ್ತಿದ್ದಳು, ಜಗಳ ಅವಳಿಗೆ ಅಭ್ಯಾಸ. ಆ 'ಇಡ್ಲಾ' ಆದ ಮೇಲೂ ಅವಳು ಫೋನನ್ನು ಕಿವಿಗೇ ಹಿಡಿದುಕೊಂಡಿರುತ್ತಿದ್ದಳು.

ಈ ಸಲ ಹಬ್ಬ ಹತ್ತಿರ ಬಂದಾಗ ಅವಳು ಗಂಡನ ತಲೆ ತಿನ್ನತೊಡಗಿದಳು. "ಹೋಗ್ರೀ, ಬೇಕರಿಗೆ ಹೋಗಿ ಕರೆದು ಬನ್ನಿ. ಅಮ್ಮ ಬಾ ಅಂದ್ಲು ಅನ್ನಿ."

"ನೀನೇ ಹೇಳಬಾರದಾ?"

"ನಾನು ಹೇಳಿದ್ರೆ ಇಡ್ಲಾ ಅಂತಾಳೆ. ನೀವಾದ್ರೆ ಒಂದು ಬನ್ನು ತಗೊಂಡು ಮುಖ ನೋಡಿ ಮಾತಾಡಿಸಬಹುದು."

ಯಜಮಾನ ಹೋಗಿ ಬಂದ. ಬನ್ನೂ ತಂದ. "ನೋಡೋಣ ಅಂದ್ಲು," ಎಂದ. ಬರಲ್ಲ ಎನ್ನಲಿಲ್ಲವಲ್ಲ ಎಂದು ಗಂಡ ಹೆಂಡತಿ ಇಬ್ಬರೂ ಆ 'ನೋಡೋಣ'ವನ್ನೇ ಹಿಡಿದುಕೊಂಡು ಕೂತರು.

ಟೈಲರಮ್ಮನ ಬಾಗಿನದಲ್ಲಿ ಒಂದು ವಿಶೇಷ ಉಂಟು. ಎಲ್ಲರೂ ರವಿಕೆಯ ಬಟ್ಟೆ ಇಟ್ಟರೆ ಇವಳು ಹೊಲಿದ ರವಿಕೆಯನ್ನೇ ಇಡುತ್ತಾಳೆ. ಯಾರ ಅಳತೆ ಎಷ್ಟೆಂದು ಅವಳ ಕಣ್ಣಿಗೇ ಗೊತ್ತು. ಈ ವರ್ಷ ಎಲ್ಲರ ರವಿಕೆ ಮುಗಿದ ಮೇಲೆ, ಹೊಸಬಳು ಮನೆಗೆ ಹೋದ ಮೇಲೆ, ಕೂತು ಪುಟ್ಟಿಯದೊಂದು ಹೊಲಿದಳು. ಹಸಿರು ಬಟ್ಟೆ, ತೋಳಿಗೆ ಸಣ್ಣ ಅಂಚು. ಅದನ್ನಿಟ್ಟು ಮೊರ ತುಂಬಿ, ಮುಚ್ಚಿ, ಒಳಕೋಣೆಯ ಮಂಚದ ಕೆಳಗೆ ಸರಿಸಿದಳು. ಅವಳ ಉಪಾಯ ಇಷ್ಟೇ. ಪುಟ್ಟಿ ಬಂದ ಕೂಡಲೇ ಮೆಲ್ಲಗೆ ಒಳಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಯಾರ ಕಣ್ಣಿಗೂ ಬೀಳದ ಹಾಗೆ ಕೊಟ್ಟುಬಿಡುವುದು. ಅತ್ತಿಗೆಯ ಮಾತೂ ಉಳಿಯುತ್ತದೆ, ಮಗಳೂ ಉಳಿಯುತ್ತಾಳೆ.

"ಕದ್ದು ಕೊಡೋದಾ?" ಎಂದ ಯಜಮಾನ.

"ಸುಮ್ನಿರಿ. ನಿಮ್ಮಕ್ಕನ ಎದುರಿಗೆ ಕೊಡೋ ಧೈರ್ಯ ನಿಮಗಿದೆಯಾ?"

ಅವನಿಗೆ ಇರಲಿಲ್ಲ.

ಹಬ್ಬದ ದಿನ ಬೆಳಿಗ್ಗೆಯಿಂದ ಟೈಲರಮ್ಮನ ಕಿವಿಯೆಲ್ಲ ಮೆಟ್ಟಿಲ ಮೇಲೆ. ಯಾರು ಹತ್ತಿದರೂ ಬಾಗಿಲಿಗೆ ಬರುವಳು. ಮೇಲಿನ ಮನೆಯವರ ಹಾಲಿನವನಿಗೆ ಎರಡು ಸಲ ಅವಳ ಮುಖದರ್ಶನವಾಯಿತು. ಯಜಮಾನ ಬಾಲ್ಕನಿಯಲ್ಲಿ ನಿಂತು ಬಸ್‌ಸ್ಟಾಪಿನ ಮೇಲೆ ಕಣ್ಣಿಟ್ಟಿದ್ದ. ಗೌರಿಯ ಪೂಜೆ ಆಯಿತು, ಮಂಗಳಾರತಿ ಆಯಿತು. ಪುಟ್ಟಿಯ ಸುಳಿವಿಲ್ಲ.

ಬಂದವಳು ಹೊಸಬಳು. ಮಕ್ಕಳನ್ನು ಸ್ಕೂಲಿಗೆ ಬಿಟ್ಟು, ತಲೆ ಬಾಚಿ, ಇಸ್ತ್ರಿ ಮಾಡಿದ ಉದ್ದನೆಯ ಬಟ್ಟೆ ತೊಟ್ಟು, ಕತ್ತಿಗೆ ಶಾಲು ಸುತ್ತಿಕೊಂಡು ಬಂದಿದ್ದಳು. ಎಲ್ಲರಿಗೂ ಕೈ ಮುಗಿದಳು. ದೇವರ ಮುಂದೆ ನಿಂತು ತುಂಬ ಹೊತ್ತು ಗೌರಿಯ ಮುಖ ನೋಡಿದಳು. ಆಮೇಲೆ ಹೆಂಗಸರೆಲ್ಲ ಸಾಲಾಗಿ ಕೂರುವಾಗ ತಾನೂ ಹೋಗಿ ಕೊನೆಯಲ್ಲಿ ಕೂತಳು. ಯಾಕೆ ಕೂರಬಾರದು? ತವರಿಗೆ ಬಂದ ಮಗಳಿಗೆ ಅಮ್ಮ ಕೊಡುವುದು ಎಂದಿದ್ದಾರೆ. ತಲೆ ಬಾಚಿಕೊಂಡು ಬಾ ಎಂದಿದ್ದಾರೆ. ಅವಳಿಗೆ ಹೇಳಿದ್ದೇ ಅಷ್ಟು.

ಪಕ್ಕದಲ್ಲಿ ಕೂತಿದ್ದ ಅತ್ತಿಗೆ ಅಕ್ಕರೆಯಿಂದಲೇ ಮಾತಾಡಿಸಿದರು. "ಎಲ್ಲಿರೋದಮ್ಮ? ಮಕ್ಕಳೆಷ್ಟು? ನಿಮ್ಮ ಯಜಮಾನ್ರು ಏನು ಕೆಲಸ ಮಾಡ್ತಾರೆ?"

"ಅವರಿಲ್ಲ. ಬರೋ ದಾರೀಲಿ ಸತ್ತುಹೋದ್ರು."

"ಅಯ್ಯೋ ಪಾಪವೇ," ಎಂದು ಅತ್ತಿಗೆ ಅವಳ ಬೆನ್ನು ಸವರಿದರು. ಕೆಟ್ಟ ಹೆಂಗಸಲ್ಲ ಅವರು. ಕಣ್ಣಲ್ಲಿ ನೀರು ಕೂಡ ಬಂತು. ಬೆನ್ನು ಸವರಿದ ಕೈಯನ್ನು ಮಡಿಲಿಗೆ ತಂದುಕೊಂಡು, ಎದ್ದು, ಮೊರಗಳ ಹತ್ತಿರ ನಿಂತಿದ್ದ ಟೈಲರಮ್ಮನ ಕಿವಿಯ ಬಳಿ ಬಗ್ಗಿದರು. "ಏನಿದು? ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ತೆ? ಊಟ ಹಾಕು, ಸೀರೆ ಬೇಕಾದ್ರೂ ಕೊಡು, ಪುಣ್ಯ ಬರುತ್ತೆ. ಬಾಗಿನ ಬೇಡ. ಏನಾದ್ರೂ ನೆವ ಹೇಳಿ ಒಳಗೆ ಕಳಿಸು. ಸ್ವಂತ ಮಗಳಿಗೇ ಕೊಡದೆ ಶಾಸ್ತ್ರ ಉಳಿಸಿಕೊಂಡವಳು ನೀನು, ಯಾರೋ ಹೊರಗಿನವಳಿಗೋಸ್ಕರ ಬಿಡ್ತೀಯಾ?"

ಹೊಗಳಿಕೆಯೆಂದೇ ಅವರು ಅದನ್ನು ಹೇಳಿದ್ದು. ಟೈಲರಮ್ಮನಿಗೆ ಅದು ಕಪಾಳಕ್ಕೆ ಬಿಗಿದಂತಾಯಿತು. ಅವಳು ತಿರುಗಿ ಮೊರ ಎತ್ತಿಕೊಂಡಳು. ಮೊದಲನೆಯವಳಿಗೆ ಕೊಟ್ಟಳು, ಎರಡನೆಯವಳಿಗೆ ಕೊಟ್ಟಳು. ಅತ್ತಿಗೆ ಬಂದು ಕೂತರು, ಅವರಿಗೂ ಕೊಟ್ಟು ಕಾಲಿಗೆ ಬಿದ್ದಳು. ಆಮೇಲೆ ಹೊಸಬಳ ಮುಂದೆ ನಿಂತಳು.

ಹೊಸಬಳು ಎಲ್ಲರನ್ನೂ ನೋಡಿ ಕಲಿತಿದ್ದಳು. ಸೆರಗಿಲ್ಲವಲ್ಲ, ಕತ್ತಿನ ಶಾಲು ಬಿಚ್ಚಿ ಮಡಿಲ ಮೇಲೆ ಹಾಸಿಕೊಂಡು, ಎರಡೂ ಕೈ ಚಾಚಿ ಕೂತಿದ್ದಳು. ಮುಖದಲ್ಲಿ ನಾಚಿಕೆಯೂ ಇತ್ತು, ಸಂತೋಷವೂ ಇತ್ತು. ಹೋದ ವರ್ಷ ಪುಟ್ಟಿಯೂ ಹೀಗೇ ತಲೆಯೆತ್ತಿ ನೋಡಿದ್ದಳು. ಸ್ಟೌ ಮೇಲೆ ಹಾಲಿದೆ ಎನ್ನುವ ಮಾತು ಟೈಲರಮ್ಮನ ತುದಿನಾಲಿಗೆಗೆ ಬಂದೇ ಬಂತು. ಥೂ, ಇನ್ನೊಂದು ಸಲವೇ? ಆಗುವುದಿಲ್ಲ. ಸತ್ತರೂ ಆಗುವುದಿಲ್ಲ ಎಂದುಕೊಂಡಳು.

ಅನಿರೀಕ್ಷಿತವಾಗಿ ಯಾರಾದರೂ ಬಂದರೆ ಇರಲಿ ಎಂದು ಯಾವಾಗಲೂ ಒಂದು ಮೊರ ಹೆಚ್ಚಿಗೆ ತುಂಬಿಡುವುದು ವಾಡಿಕೆ. ಟೈಲರಮ್ಮ ಅದನ್ನೆತ್ತಿಕೊಂಡಳು. ಸೆರಗು ಹೊದಿಸಿದಳು. "ತಗೋ ಮಗಳೇ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಹೊಸಬಳ ಮಡಿಲಿಗಿಟ್ಟಳು. ಅತ್ತಿಗೆ "ಶಿವಶಿವಾ!" ಎಂದರು. ಹೊಸಬಳು ಮೊರವನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಟೈಲರಮ್ಮ ಅವಳ ತಲೆಯ ಮೇಲೆ ಕೈಯಿಟ್ಟಳು. ಒಂದು ವರ್ಷದಿಂದ ಎದೆಯ ಮೇಲೆ ಕೂತಿದ್ದ ಭಾರ ಆಗ ಸ್ವಲ್ಪ ಇಳಿದಂತೆ ಅವಳಿಗನಿಸಿತು. ಪುಟ್ಟಿ ಬಂದರೆ ಅವಳಿಗೂ ಇಲ್ಲೇ, ಹೀಗೇ ಕೊಟ್ಟುಬಿಡುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ ಎಂದುಕೊಂಡು ತಲೆಯೆತ್ತಿದಳು.

ಬಾಗಿಲಲ್ಲಿ ಪುಟ್ಟಿ ನಿಂತಿದ್ದಳು.

ಯಾವಾಗ ಬಂದಳೋ! ಚಪ್ಪಲಿ ಇನ್ನೂ ಕಾಲಲ್ಲಿತ್ತು. ಕೈಯಲ್ಲಿ ಬೇಕರಿಯ ರಟ್ಟಿನ ಡಬ್ಬಿ. ಸುಸ್ತಾದ ಮುಖ. ಟೈಲರಮ್ಮನ ಕಣ್ಣು ತನ್ನಷ್ಟಕ್ಕೇ ಮಗಳ ಅಳತೆ ತೆಗೆಯಿತು. ಭುಜದಲ್ಲಿ ಎರಡು ಬೆರಳು ಇಳಿದಿದ್ದಳು. ಹೊಲಿದ ರವಿಕೆ ದೊಗಳೆಯಾಗುತ್ತದೆ, ಹಿಡಿಯಬೇಕು ಎಂದು ಆ ಗಳಿಗೆಯಲ್ಲೂ ಅನ್ನಿಸಿತು. ತಾಯಿಯ ಬುದ್ಧಿ ನೋಡಿ.

"ಬಂದ್ಯಾ ಪುಟ್ಟಿ! ಬಾ, ಬಾರೇ, ಅಲ್ಲೇ ಯಾಕೆ ನಿಂತೆ?"

ಪುಟ್ಟಿ ಹೊಸಬಳನ್ನೇ ನೋಡುತ್ತಿದ್ದಳು. "ಅಪ್ಪ ಹೇಳ್ತಿದ್ದ ಹೊಸಬರು ಇವರೇನಾ? ಗಂಡ ದಾರೀಲಿ ತೀರಿಕೊಂಡ್ರು ಅಂದಿದ್ರಲ್ಲ, ಅವರು?"

"ಹೂಂ."

ಟೈಲರಮ್ಮ ಗಾಬರಿಯಲ್ಲಿ ಒಂದರ ಹಿಂದೊಂದು ಮಾತು ಸುರಿದಳು. "ನಿನಗೂ ಇಟ್ಟಿದೀನಿ ಕಣೇ. ನಾನೇ ಕೂತು ಹೊಲಿದು ಇಟ್ಟಿದೀನಿ. ಒಳಕೋಣೇಲಿದೆ, ಮಂಚದ ಕೆಳಗೆ..." ಅಲ್ಲಿಗೆ ನಾಲಿಗೆ ಕಚ್ಚಿಕೊಂಡಳು. ಹೇಳಿಯಾಗಿತ್ತು.

"ಮಂಚದ ಕೆಳಗಾ?" ಎಂದಳು ಪುಟ್ಟಿ. ದನಿಯೇರಿಸಲಿಲ್ಲ. ಡಬ್ಬಿಯನ್ನು ಅಪ್ಪನ ಕೈಗೆ ಕೊಟ್ಟಳು. "ಅಮ್ಮ, ನಾನು ಇವತ್ತು ಯಾಕೆ ಬಂದೆ ಗೊತ್ತಾ? ಅಮ್ಮಂದೇನೂ ತಪ್ಪಿಲ್ಲ, ಶಾಸ್ತ್ರ ಹಾಗಿದೆ, ಅವಳ ಕೈಲಿ ಏನಿದೆ ಪಾಪ ಅಂತ ನನಗೆ ನಾನೇ ಹೇಳ್ಕೊಂಡು ಹೇಳ್ಕೊಂಡು ಬಂದೆ. ವರ್ಷ ಬೇಕಾಯ್ತು ಅಷ್ಟು ನಂಬೋಕೆ. ಬಸ್ಸಲ್ಲೂ ಅದನ್ನೇ ಹೇಳ್ಕೊಂಡೆ." ಅವಳು ಹೊಸಬಳ ಮಡಿಲಿನ ಮೊರ ನೋಡಿದಳು. "ನಿನ್ನ ಕೈಲಿತ್ತು ಅಮ್ಮ. ಕೊಡಬಹುದಿತ್ತು. ಇಷ್ಟು ಸುಲಭಾನೇ ಇತ್ತು."

"ಸುಲಭ ಅಲ್ಲ ಕಣೇ, ನಿನ್ನ ನೆನೆಸಿಕೊಂಡೇ ಕೊಟ್ಟೆ, ನಿನ್ನಿಂದಾನೇ..."

ಪುಟ್ಟಿ ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಟೈಲರಮ್ಮ ಒಳಗೆ ಓಡಿ, ಮಂಚದ ಕೆಳಗೆ ಬಗ್ಗಿ, ಮೊರವನ್ನೆಳೆದುಕೊಂಡು ಬರಿಗಾಲಲ್ಲೇ ಬೀದಿಗೆ ಬಿದ್ದಳು. ಮುಚ್ಚಿದ ತನ್ನ ಅಂಗಡಿ, ಪಕ್ಕದ ಔಷಧಿ ಅಂಗಡಿ, ಹೇರ್‌ಕಟಿಂಗ್ ಅಂಗಡಿಯ ಮುಂದೆ ಕೂತವರು, ಎಲ್ಲರ ಕಣ್ಣೆದುರಿಗೇ ಓಡಿದಳು. ಬಸ್‌ಸ್ಟಾಪಿನಲ್ಲಿ ಮಗಳ ಮುಂದೆ ನಿಂತು ಸೆರಗು ಹೊದಿಸಿ ಮೊರ ಚಾಚಿದಳು. "ತಗೊಳ್ಳೇ. ಇಡೀ ಊರು ನೋಡಲಿ. ನಿನ್ನ ಕಾಲಿಗೆ ಬೇಕಾದ್ರೂ ಬೀಳ್ತೀನಿ, ತಗೊಳ್ಳೇ ನನ್ನವ್ವ."

ಪುಟ್ಟಿ ತಾಯಿಯ ಕೈಗಳನ್ನು ಹಿಡಿದುಕೊಂಡಳು. ಮೊರವನ್ನಲ್ಲ, ಕೈಗಳನ್ನು. "ಬೇಡಮ್ಮ. ಕೋಪ ಇಲ್ಲ ನಂಗೆ. ಕೋಪ ಇದ್ದಿದ್ರೆ ಜಗಳ ಆಡಿಯಾದ್ರೂ ತಗೋತಿದ್ದೆ." ಬಸ್ಸು ಬಂತು. "ಬರಿಗಾಲಲ್ಲಿ ಬಂದಿದೀಯಲ್ಲ, ಗಾಜು ಗೀಜು ಬಿದ್ದಿರುತ್ತೆ. ಹುಷಾರಾಗಿ ಹೋಗು." ಹತ್ತಿದಳು. ಸ್ಟಾಪಿನ ಕಡೆಯ ಕಿಟಕಿಯ ಪಕ್ಕ ಜಾಗವಿದ್ದರೂ ಆ ಕಡೆ ಹೋಗಿ ಕೂತಳು.

ಹೊಸಬಳು ಹಿಂದೆಯೇ ಓಡಿಬಂದಿದ್ದಳು. ಏನಾಯಿತೆಂದು ಅವಳಿಗೆ ಪೂರ್ತಿ ತಿಳಿದಿರಲಿಲ್ಲ, ತನ್ನಿಂದ ಏನೋ ಆಯಿತೆಂಬುದು ಮಾತ್ರ ತಿಳಿದಿತ್ತು. ತನ್ನ ಮೊರವನ್ನು ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದಿದ್ದಳು. "ಇದು ಅವರದಾ ಅಮ್ಮ? ತಪ್ಪಾಯ್ತು ನಂದು. ತಗೊಳ್ಳಿ. ಅವರಿಗೆ ಕೊಡಿ."

"ಇಲ್ಲ ಕಣೇ, ಅದು ನಿಂದೇ," ಎಂದಳು ಟೈಲರಮ್ಮ. "ಅವಳದ್ದು ಹೋದ ವರ್ಷ ಕೊಡಬೇಕಿತ್ತು."

ಆಮೇಲೆ ಅವಳು ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿಬಿಟ್ಟು ಅತ್ತಳು. ಹೊಸಬಳು ಪಕ್ಕದಲ್ಲಿ ಕೂತು ಅವಳ ಕಾಲಿಗಂಟಿದ್ದ ಧೂಳನ್ನು ತನ್ನ ಶಾಲಿನಿಂದ ಒರೆಸಿದಳು. ಮುಂದಿನ ಬಸ್ಸಿಗೆ ಕಾಯುವವರು ಒಬ್ಬೊಬ್ಬರಾಗಿ ಬಂದು, ಸ್ವಲ್ಪ ದೂರದಲ್ಲಿ ನಿಂತರು.